ಕಾರ್ಲ್ ರೋಜರ್ಸನ ಸಂಶೋಧನೆ: ಆಪ್ತಸಲಹೆಯ ಚರಿತ್ರೆಯಲ್ಲಿ ಆಧಾರದ ಪ್ರಶ್ನೆ

ಇತಿಹಾಸವು ಆಧಾರವನ್ನು ನೆಚ್ಚಿದ ಶಾಸ್ತ್ರ. ಶಾಸನ, ಕಡತ, ಕಾಗದಪತ್ರ, ನಾಣ್ಯ ಇವು ದೊರೆಯದೆಡೆಯಲ್ಲಿ ಇತಿಹಾಸಕಾರನು ಮಾತನಾಡಲಾರ. ಆದರೆ ಯಾವ ಆಧಾರವನ್ನೂ ಉಳಿಸದೆ ನಡೆದುಹೋಗುವ ವ್ಯವಹಾರಗಳು ಮನುಷ್ಯರ ಬಾಳಿನಲ್ಲಿ ಅನೇಕವಾಗಿವೆ. ಸಂಕಟದಲ್ಲಿರುವವನೊಬ್ಬನು ಮತ್ತೊಬ್ಬನ ಎದುರಿಗೆ ಕುಳಿತು ತನ್ನ ಮನಸ್ಸನ್ನು ತೋಡಿಕೊಳ್ಳುವುದು ಅಂತಹವುಗಳಲ್ಲಿ ಒಂದು. ಇದು ಪ್ರಾಚೀನವಾದದ್ದು, ಇಪ್ಪತ್ತನೆಯ ಶತಮಾನದಲ್ಲಿ ಇದೊಂದು ವೃತ್ತಿಯೂ ಆಯಿತು. ವೃತ್ತಿಯಾದ ಮೇಲೆ, ಈ ಮಾತುಕತೆಯಿಂದ ಪ್ರಯೋಜನವುಂಟೆ, ಉಂಟಾದರೆ ಅದನ್ನು ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಹೇಳಬಲ್ಲ ಸಾಕ್ಷಿಗಳು ಬಹುಕಾಲ ಆ ಕೋಣೆಯಲ್ಲಿದ್ದ ಇಬ್ಬರೇ. ಅವರಲ್ಲಿ ಒಬ್ಬನು ಮಾತ್ರ ಬರೆಯುತ್ತಿದ್ದನು. ಅವನೂ ನೆನಪಿನಿಂದ ಬರೆಯುತ್ತಿದ್ದನು. ರೋಗಿಯೊಡನೆ ಕುಳಿತಿರುವಾಗ ಟಿಪ್ಪಣಿ ಮಾಡಿಕೊಳ್ಳುವುದು ಸಲ್ಲದೆಂದು ಫ್ರಾಯ್ಡನು ೧೯೧೨ರಲ್ಲಿ ತನ್ನ ಸಹೋದ್ಯೋಗಿಗಳಿಗೆ ವಿಧಿಸಿದ್ದನು. ತಾನು ದಿನದ ಕೆಲಸ ಮುಗಿದ ಮೇಲೆ, ಸಂಜೆ, ಸ್ಮೃತಿಯಿಂದ ಬರೆದಿಡುತ್ತಿರುವುದಾಗಿಯೂ ಆತನು ತಿಳಿಸಿದ್ದನು.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸನು (೧೯೦೨–೧೯೮೭) ಅಗ್ರಗಣ್ಯನು. ಆತನನ್ನು ಒಂದು ಚಿಕಿತ್ಸಾಪದ್ಧತಿಯ ಪ್ರವರ್ತಕನೆಂದು ಸ್ಮರಿಸುವುದು ರೂಢಿ. ಆ ಪದ್ಧತಿಯ ಗುಣದೋಷ ವಿವೇಚನೆ ಮನಶ್ಶಾಸ್ತ್ರಜ್ಞರಿಗೆ ಸೇರಿದ್ದು. ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಗಮನವನ್ನು ಸೆಳೆಯುವ ಅಂಶ ಬೇರೊಂದು. ಮುಚ್ಚಿದ ಕೋಣೆಯ ಸಂಭಾಷಣೆಯನ್ನು ಆತನು ದಾಖಲೆಯನ್ನಾಗಿ ಮಾಡಿದನು; ಆ ದಾಖಲೆಯನ್ನು ಪರರ ಪರೀಕ್ಷೆಗೆ ಒಡ್ಡಿದನು; ಕಡೆಗೆ ಆ ದಾಖಲೆಯೇ ಆತನ ಸಿದ್ಧಾಂತವನ್ನು ತಿದ್ದಿತು. ಈ ಮೂರು ಹಂತಗಳನ್ನು ಕ್ರಮವಾಗಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಶಬ್ದದ ವಿಚಾರ. ಆಂಗ್ಲಭಾಷೆಯ 'ಕೌನ್ಸೆಲಿಂಗ್' ಎಂಬುದಕ್ಕೆ ಕನ್ನಡದಲ್ಲಿ 'ಆಪ್ತಸಲಹೆ', 'ಆಪ್ತಸಮಾಲೋಚನೆ' ಎಂಬ ಮಾತುಗಳು ಬಳಕೆಗೆ ಬಂದಿವೆ. 'ಸಲಹೆ' ಎಂದೊಡನೆ ತಿಳಿದವನು ತಿಳಿಯದವನಿಗೆ ದಾರಿ ಹೇಳುವ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ರೋಜರ್ಸನು ವಿರೋಧಿಸಿದ್ದು ಈ ಚಿತ್ರವನ್ನೇ. ಬಂದವನಿಗೆ ತನ್ನ ದಾರಿಯನ್ನು ಕಂಡುಕೊಳ್ಳುವ ಶಕ್ತಿ ಸ್ವಭಾವಸಿದ್ಧವಾಗಿದೆ, ಅದು ಪ್ರಕಟವಾಗುವಂತಹ ಸಂಬಂಧವನ್ನು ಏರ್ಪಡಿಸುವುದಷ್ಟೇ ಕೇಳುವವನ ಕೆಲಸ ಎಂಬುದು ಆತನ ನಿಲುವು. ಬಂದವನನ್ನು 'ರೋಗಿ' ಎಂದು ಕರೆಯಲು ಆತನು ಒಪ್ಪಲಿಲ್ಲ. ವಕೀಲರ ಬಳಿಗೆ ಹೋಗುವವರಿಗೆ ಸಲ್ಲುವ 'ಕಕ್ಷಿಗಾರ' ಎಂಬರ್ಥದ ಶಬ್ದವನ್ನೇ ಆರಿಸಿಕೊಂಡನು. ಕನ್ನಡದಲ್ಲಿ ಈ ಮಾತಿಗೆ ನ್ಯಾಯಾಲಯದ ವಾಸನೆ ಅಂಟಿಕೊಂಡಿರುವುದರಿಂದ ನಾವು ಇಲ್ಲಿ 'ಸಹಾಯಾರ್ಥಿ' ಎಂದು ಬಳಸುತ್ತೇವೆ.

ರೋಜರ್ಸನು ೧೯೦೨ರ ಜನವರಿ ೮ರಂದು ಷಿಕಾಗೋ ನಗರದ ಸಮೀಪದ ಓಕ್ ಪಾರ್ಕ್ ಎಂಬಲ್ಲಿ, ಕಟ್ಟುನಿಟ್ಟಾದ ಪ್ರಾಟೆಸ್ಟೆಂಟ್ ಮನೆತನದಲ್ಲಿ ಜನಿಸಿದನು. ಆತನಿಗೆ ಹನ್ನೆರಡು ವರ್ಷವಾಗಿದ್ದಾಗ ಕುಟುಂಬವು ಹಳ್ಳಿಯ ಹೊಲಮನೆಗೆ ವಾಸವನ್ನು ಬದಲಿಸಿತು. ಬೇಸಾಯವು ವೈಜ್ಞಾನಿಕ ರೀತಿಯಲ್ಲಿ ನಡೆಯಬೇಕೆಂಬುದು ತಂದೆಯ ಹಟ. ಅದರ ಫಲವಾಗಿ ಬಾಲಕನು ಜಾನುವಾರುಗಳ ಮೇವನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಓದಿದನು. ಎರಡು ಸಮಾನವಾದ ಗುಂಪುಗಳನ್ನು ಮಾಡಿ, ಒಂದಕ್ಕೆ ಮಾತ್ರ ಹೊಸ ಆಹಾರವನ್ನು ಕೊಟ್ಟು, ಆಮೇಲೆ ಎರಡನ್ನೂ ಹೋಲಿಸಬೇಕೆಂಬ ಪ್ರಯೋಗವಿಧಾನವನ್ನು ತಾನು ಕಲಿತದ್ದು ಆ ಗ್ರಂಥದಿಂದ ಎಂದು ಆತನೇ ಮುಂದೆ ಬರೆದಿದ್ದಾನೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರದ ವಿದ್ಯಾರ್ಥಿಯಾಗಿ ಸೇರಿದ ರೋಜರ್ಸನು ಧರ್ಮೋಪದೇಶಕನಾಗುವ ಸಂಕಲ್ಪದಿಂದ ಇತಿಹಾಸಕ್ಕೆ ಬದಲಾಯಿಸಿಕೊಂಡು, ೧೯೨೪ರಲ್ಲಿ ಇತಿಹಾಸದಲ್ಲಿಯೇ ಪದವಿ ಪಡೆದನೆಂಬುದು ನಮ್ಮ ವಿಭಾಗದವರಿಗೆ ಸ್ವಾರಸ್ಯವೆನಿಸೀತು. ಈ ನಡುವೆ ೧೯೨೨ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕಾಗಿ ಪೀಕಿಂಗ್ ನಗರಕ್ಕೆ ಹೋಗಿಬಂದಿದ್ದನು. ಪ್ರಾಮಾಣಿಕರಾದ ಜನರು ಪರಸ್ಪರ ವಿರುದ್ಧವಾದ ನಂಬಿಕೆಗಳನ್ನು ಹೊಂದಿರಬಹುದೆಂಬ ಅರಿವು ಆ ಪ್ರವಾಸದಿಂದ ಆತನಲ್ಲಿ ಮೂಡಿತು. ನ್ಯೂಯಾರ್ಕಿನ ಯೂನಿಯನ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಎರಡು ವರ್ಷ ಕಳೆದ ಮೇಲೆ, ರಸ್ತೆಯ ಆಚೆಬದಿಯಲ್ಲಿದ್ದ ಕೊಲಂಬಿಯ ವಿಶ್ವವಿದ್ಯಾನಿಲಯದ ಶಿಕ್ಷಕರ ಕಾಲೇಜನ್ನು ಸೇರಿ, ೧೯೩೧ರಲ್ಲಿ ಡಾಕ್ಟರೇಟ್ ಪಡೆದನು.

೧೯೨೮ರಿಂದ ಹನ್ನೆರಡು ವರ್ಷಗಳ ಕಾಲ ರೋಜರ್ಸನು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ, ಬಹುಪಾಲು ಮಕ್ಕಳ ಸಂರಕ್ಷಣ ಸಂಘವೊಂದರ ಆಶ್ರಯದಲ್ಲಿ, ತುಂಟರೂ ಅಪರಾಧಿಗಳೂ ಎನಿಸಿಕೊಂಡ ಬಡ ಮಕ್ಕಳ ನಡುವೆ ಕೆಲಸಮಾಡಿದನು. ಈ ಅವಧಿಯ ಒಂದು ಪ್ರಸಂಗವು ಆತನ ಮುಂದಿನ ಸಂಶೋಧನೆಗೆ ಬೀಜವೆಂದು ನಾವು ಭಾವಿಸುತ್ತೇವೆ. ಸಮಾಜಸೇವಕರೊಬ್ಬರು ತಾಯಿಯೊಬ್ಬಳೊಡನೆ ನಡೆಸಿದ ಸಂಭಾಷಣೆಯ ಹೆಚ್ಚುಕಡಮೆ ಯಥಾವತ್ತಾದ ವರದಿಯೊಂದು ಅಚ್ಚಾಗಿತ್ತು. ಪ್ರಶ್ನೆಗಳ ಚಾತುರ್ಯವನ್ನು ಮೆಚ್ಚಿ ಆತನು ಅದನ್ನು ಮಾದರಿಯೆಂದು ಇಟ್ಟುಕೊಂಡಿದ್ದನು. ಕೆಲವು ವರ್ಷಗಳಾದ ಮೇಲೆ ಬೋಧನೆಗಾಗಿ ಅದನ್ನೇ ಮತ್ತೆ ತೆಗೆದು ಓದಿದಾಗ ಆತನಿಗೆ ಆಘಾತವಾಯಿತು. ವಕೀಲನ ಪಾಟೀಸವಾಲಿನಂತೆ, ತಾಯಿಯಿಂದ ತಪ್ಪೊಪ್ಪಿಗೆಯನ್ನು ಹಿಂಡಿ ತೆಗೆಯುವ ಮಾತುಗಳು ಅವೆಂದು ಈಗ ಕಂಡಿತು. ಬರೆಹದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ, ಓದುವವನು ಬದಲಾಗಿದ್ದನು. ಆ ಮಾತುಗಳು ಇದ್ದಂತೆಯೇ ಉಳಿದಿದ್ದುದರಿಂದಲೇ ಈ ಎರಡನೆಯ ಓದು ಸಾಧ್ಯವಾಯಿತು. ಆ ಸಮಾಜಸೇವಕರು ತಮ್ಮ ನೆನಪಿನಿಂದ ಸಾರಾಂಶವನ್ನು ಮಾತ್ರ ಬರೆದಿದ್ದರೆ ತಾಯಿಯ ಹಟಮಾರಿತನವಷ್ಟೇ ಅಲ್ಲಿ ಉಳಿದಿರುತ್ತಿತ್ತು.

೧೯೪೦ರಲ್ಲಿ ರೋಜರ್ಸನು ಒಹಾಯೊ ಸಂಸ್ಥಾನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಅದೇ ವರ್ಷ ಡಿಸೆಂಬರ್ ೧೧ರಂದು ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆತನು ಮಾಡಿದ ಉಪನ್ಯಾಸವು ವಿವಾದಕ್ಕೆ ಕಾರಣವಾಯಿತು. ಆ ವಿಶ್ವವಿದ್ಯಾನಿಲಯವು ಇ. ಜಿ. ವಿಲಿಯಮ್‌ಸನ್ನನ ಮುಂದಾಳುತನದಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಗಳನ್ನು ಕೊಟ್ಟು, ದೋಷವನ್ನು ನಿರ್ಣಯಿಸಿ, ನೇರವಾಗಿ ಬುದ್ಧಿ ಹೇಳುವ ಪದ್ಧತಿಗೆ ಹೆಸರಾಗಿತ್ತು. ಅಂತಹ ಸ್ಥಳದಲ್ಲಿ ನಿಂತು, ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲವೆಂದು ಅತಿಥಿಯು ಸಾರಿದನು. ಪ್ರಶಂಸೆಯೂ ಕೋಪವೂ ಸಮವಾಗಿ ಬಂದವು. ತನ್ನ ಪದ್ಧತಿ ಹುಟ್ಟಿದ್ದು ಆ ದಿನವೆಂದು ರೋಜರ್ಸನು ಮುಂದೆ ಹೇಳುತ್ತಿದ್ದನು.

ಅಭಿಪ್ರಾಯಕ್ಕೆ ಅಭಿಪ್ರಾಯವನ್ನು ಎದುರುನಿಲ್ಲಿಸಿದರೆ ವಿವಾದ ಮುಗಿಯುವುದಿಲ್ಲ. ರೋಜರ್ಸನೂ ಆತನ ಶಿಷ್ಯರೂ ಯಂತ್ರದ ನೆರವನ್ನು ಪಡೆದರು. ಆಗ ಧ್ವನಿಸುರುಳಿಯು ಬಳಕೆಗೆ ಬಂದಿರಲಿಲ್ಲ. ಮಾತನ್ನು ಗ್ರಾಮಫೋನಿನ ತಟ್ಟೆಗಳ ಮೇಲೆ ಕೊರೆಯಬೇಕಾಗಿತ್ತು. ಒಂದೊಂದು ತಟ್ಟೆಯೂ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತಿತ್ತು. ಬರ್ನಾರ್ಡ್ ಕೋವ್ನರ್ ಎಂಬ ವಿದ್ಯಾರ್ಥಿಯು ಎರಡು ಯಂತ್ರಗಳನ್ನು ಜೋಡಿಸಿ, ಒಂದು ತಟ್ಟೆ ಮುಗಿಯುತ್ತಲೇ ಇನ್ನೊಂದು ಆರಂಭವಾಗುವಂತೆ ಏರ್ಪಡಿಸಿದನು. ಹೀಗೆ ದೊರೆತ ಸಾಮಗ್ರಿಯಿಂದ, ಹರ್ಬರ್ಟ್ ಬ್ರಯನ್ ಎಂಬ ಕಲ್ಪಿತ ನಾಮವುಳ್ಳ ಸಹಾಯಾರ್ಥಿಯೊಡನೆ ನಡೆದ ಎಂಟು ಸಂದರ್ಶನಗಳನ್ನು ಅಕ್ಷರಶಃ ಇಳಿಸಿ, ೧೯೪೨ರಲ್ಲಿ ಹೊರಬಂದ 'ಕೌನ್ಸೆಲಿಂಗ್ ಅಂಡ್ ಸೈಕೋಥೆರಪಿ' ಎಂಬ ತನ್ನ ಗ್ರಂಥದ ಕಡೆಯ ಭಾಗವಾಗಿ ರೋಜರ್ಸನು ಪ್ರಕಟಿಸಿದನು. ಸಂದರ್ಶನಗಳನ್ನು ಮುದ್ರಿಸಿಕೊಳ್ಳುವ ಯತ್ನಗಳು ಅಲ್ಲಲ್ಲಿ ಮೊದಲೇ ನಡೆದಿದ್ದುವು. ಆದರೆ ಧ್ವನಿಮುದ್ರಣದಿಂದ ಇಳಿಸಿದ ಒಂದು ಸಂಪೂರ್ಣ ಚಿಕಿತ್ಸೆಯ ಪಾಠವು ಎಲ್ಲರ ಕೈಗೂ ಸಿಕ್ಕಿದ್ದು ಇದೇ ಮೊದಲು. ಪ್ರತಿಯೊಂದು ಮಾತಿಗೂ ಸಂಖ್ಯೆಯನ್ನು ಕೊಟ್ಟಿದ್ದುದರಿಂದ, ಶಾಸನದ ಸಾಲುಗಳನ್ನು ಉಲ್ಲೇಖಿಸುವಂತೆ, ಸಂದರ್ಶಕನು ಎಡವಿದ ಸ್ಥಳವನ್ನು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಾಗಿತ್ತು.

ಈ ದಾಖಲೆಗಳ ಆಧಾರದಿಂದ ನಡೆದ ಎರಡು ಅಧ್ಯಯನಗಳನ್ನು ಉದಾಹರಿಸಬಹುದು. ಸಂದರ್ಶಕರು ತಾವೇ ಬರೆದ ವರದಿಗಳನ್ನು ಧ್ವನಿಮುದ್ರಣದೊಡನೆ ಹೋಲಿಸಿದ ಕೋವ್ನರನು, ವರದಿಗಳಲ್ಲಿ ಬರೆದದ್ದು ಬಹುಮಟ್ಟಿಗೆ ಸರಿಯಾಗಿದ್ದರೂ, ನಡೆದ ಸಂಭಾಷಣೆಯ ಹೆಚ್ಚಿನ ಪಾಲು ಅವುಗಳಲ್ಲಿ ಬಿಟ್ಟುಹೋಗಿತ್ತೆಂದು ತೋರಿಸಿದನು. ಸಮಕಾಲೀನ ಬರೆಹಗಾರನ ಸತ್ಯಸಂಧತೆಯನ್ನು ನಂಬಿ ಆತನ ಮೌನವನ್ನು ಮರೆಯುವ ಇತಿಹಾಸಕಾರರಿಗೂ ಇದು ಎಚ್ಚರಿಕೆಯ ಮಾತು. ಇ. ಎಚ್. ಪೋರ್ಟರ್ ಎಂಬ ಇನ್ನೊಬ್ಬ ಶಿಷ್ಯನು ಸಂದರ್ಶಕರ ಮಾತುಗಳನ್ನು ವರ್ಗೀಕರಿಸಿ ಎಣಿಸಿದನು. ನಿರ್ದೇಶನ ಕೊಡುವ ಸಲಹೆಗಾರರು ಕೊಡದಿರುವವರಿಗಿಂತ ಸುಮಾರು ಆರುಪಟ್ಟು ಹೆಚ್ಚು ಪದಗಳನ್ನು ಆಡುತ್ತಿದ್ದರೆಂದು ಕಂಡುಬಂದಿತು. ಯಾರು ಕೇಳುತ್ತಿದ್ದಾರೆ, ಯಾರು ಕೇಳುತ್ತಿದ್ದೇನೆಂದು ಭ್ರಮಿಸಿದ್ದಾರೆ ಎಂಬುದನ್ನು ಈಗ ಎಣಿಸಿ ಹೇಳಬಹುದಾಯಿತು.

ಕಾಲವೂ ಇದಕ್ಕೆ ಅನುಕೂಲವಾಗಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಲಕ್ಷಾಂತರ ಸೈನಿಕರು ಮನೆಗೆ ಮರಳಿದರು. ೧೯೪೪ರ ಶಾಸನದ ಪ್ರಕಾರ ಅವರಲ್ಲಿ ಅನೇಕರು ಕಾಲೇಜುಗಳನ್ನು ತುಂಬಿದರು. ಇಷ್ಟು ಜನರ ಮನಃಕ್ಲೇಶಕ್ಕೆ ಮನೋವೈದ್ಯರ ಸಂಖ್ಯೆ ಸಾಲದಾಗಿತ್ತು. ಆದರೆ ಮಾನಸಿಕ ಚಿಕಿತ್ಸೆಯು ವೈದ್ಯರ ಹಕ್ಕು, ವೈದ್ಯಪದವಿಯಿಲ್ಲದವರು ಅದನ್ನು ಮುಟ್ಟಬಾರದು ಎಂಬ ವಾದವೂ ಬಲವಾಗಿತ್ತು. 'ಚಿಕಿತ್ಸೆ' ಎಂಬ ಪದದ ಸುತ್ತಲಿದ್ದ ಈ ಬೇಲಿಯನ್ನು 'ಕೌನ್ಸೆಲಿಂಗ್' ಎಂಬ ಪದ ಸ್ವಲ್ಪಮಟ್ಟಿಗೆ ಸಡಿಲಿಸಿತು. ೧೯೪೫ರಲ್ಲಿ ರೋಜರ್ಸನು ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿ ಆಪ್ತಸಲಹಾ ಕೇಂದ್ರವೊಂದನ್ನು ಸ್ಥಾಪಿಸಿದನು. ೧೯೫೭ರವರೆಗಿನ ಈ ಹನ್ನೆರಡು ವರ್ಷಗಳು ಆತನ ಸಂಶೋಧನೆಯ ಅತ್ಯಂತ ಫಲವತ್ತಾದ ಕಾಲ.

ಷಿಕಾಗೋ ಸಂಶೋಧನೆಯ ಮುಖ್ಯ ಫಲವು ರೋಸಲಿಂಡ್ ಡೈಮಂಡ್ ಎಂಬಾಕೆಯೊಡನೆ ಆತನು ಸಂಪಾದಿಸಿ ೧೯೫೪ರಲ್ಲಿ ಹೊರತಂದ ಗ್ರಂಥದಲ್ಲಿದೆ. ಅದರಲ್ಲಿ ಅನುಸರಿಸಿದ ಒಂದು ವಿಧಾನವನ್ನು ವಿವರಿಸಬೇಕು. 'ನಾನು ಸುಲಭವಾಗಿ ಕೋಪಗೊಳ್ಳುವವನು' ಎಂಬಂತಹ ವಾಕ್ಯಗಳನ್ನು ಬರೆದ ನೂರು ಚೀಟಿಗಳನ್ನು ಸಹಾಯಾರ್ಥಿಗೆ ಕೊಡಲಾಗುತ್ತಿತ್ತು. ತನಗೆ ಅತ್ಯಂತ ಹೊಂದುವುದರಿಂದ ಹಿಡಿದು ಏನೇನೂ ಹೊಂದದಿರುವುದರವರೆಗೆ ಅವನ್ನು ಆತನು ವಿಂಗಡಿಸುತ್ತಿದ್ದನು. ಆಮೇಲೆ ತಾನು ಹೇಗಿರಬೇಕೆಂದು ಬಯಸುತ್ತಾನೋ ಅದಕ್ಕನುಸಾರವಾಗಿ ಮತ್ತೊಮ್ಮೆ ವಿಂಗಡಿಸುತ್ತಿದ್ದನು. ಎರಡು ವಿಂಗಡಣೆಗಳ ಸಹಸಂಬಂಧವನ್ನು ಗಣಿಸಿದರೆ, ಇರುವ ತನಗೂ ಬಯಸುವ ತನಗೂ ಎಷ್ಟು ದೂರವೆಂಬುದು ಅಂಕಿಯಲ್ಲಿ ದೊರೆಯುತ್ತಿತ್ತು. ಈ ವಿಧಾನವನ್ನು ರೂಪಿಸಿದವನು ವಿಲಿಯಂ ಸ್ಟೀಫನ್‌ಸನ್.

ಪರಿಣಾಮ ಹೀಗಿತ್ತು. ಸಲಹೆಗೆ ಮುಂಚೆ ಈ ಸಹಸಂಬಂಧದ ಸರಾಸರಿ –೦.೦೧, ಎಂದರೆ ಸೊನ್ನೆಯೆಂದೇ ಹೇಳಬೇಕು. ಸಲಹೆ ಮುಗಿದಾಗ ೦.೩೪; ಕೆಲವು ತಿಂಗಳುಗಳ ಮೇಲೆ ಪುನಃ ಪರೀಕ್ಷಿಸಿದಾಗ ೦.೩೧. ಸಲಹೆಯನ್ನು ಕೋರದ ಜನರ ಹೋಲಿಕೆಯ ಗುಂಪಿನಲ್ಲಿ ಅದು ಮೊದಲು ೦.೫೮, ಅನಂತರ ೦.೫೯. ಸಹಾಯಾರ್ಥಿಗಳಲ್ಲಿ ಕೆಲವರನ್ನು ಸಲಹೆಗೆ ಮೊದಲು ಅರವತ್ತು ದಿನ ಕಾಯಿಸಲಾಗಿತ್ತು. ಆ ಅವಧಿಯಲ್ಲಿ ಅವರ ಅಂಕಿ ಕದಲಲಿಲ್ಲ. ಕಾಲವೊಂದೇ ಗಾಯವನ್ನು ಮಾಯಿಸುತ್ತದೆಂಬ ಆಕ್ಷೇಪಕ್ಕೆ ಇದು ತಕ್ಕಮಟ್ಟಿನ ಉತ್ತರ. ಹೊಲಮನೆಯ ಬಾಲಕನು ಮೇವಿನ ಪುಸ್ತಕದಲ್ಲಿ ಕಲಿತ ಪಾಠವು ಇಲ್ಲಿ ಕೆಲಸಕ್ಕೆ ಬಂದುದನ್ನು ಕಾಣಬಹುದು. ಅಂಕಿಗಳ ಮಿತಿಯೂ ಸ್ಪಷ್ಟವಾಗಿದೆ. ಹೋಲಿಕೆಯ ಗುಂಪಿನವರು ಸಂಕಟದಿಂದ ಬಂದವರಲ್ಲ, ಆದ್ದರಿಂದ ಅವರು ಸಮಾನರಲ್ಲ. ಸಹಾಯಾರ್ಥಿಗಳ ಸಂಖ್ಯೆ ಮೂವತ್ತನ್ನು ಮುಟ್ಟುವುದಿಲ್ಲ. ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡ ಮಾತು ಇಲ್ಲಿ ಅಳತೆಗೋಲಾಗಿದೆ. ಹೀಗಿದ್ದರೂ, ಈ ಆಕ್ಷೇಪಗಳನ್ನು ಎತ್ತುವುದಕ್ಕೆ ಬೇಕಾದ ಮಾಹಿತಿಯೆಲ್ಲವೂ ಆ ಗ್ರಂಥದಿಂದಲೇ ದೊರೆಯುತ್ತದೆಂಬುದನ್ನು ಮರೆಯಬಾರದು. ಅಮೆರಿಕದ ಮನಶ್ಶಾಸ್ತ್ರ ಸಂಘವು ವಿಶಿಷ್ಟ ವೈಜ್ಞಾನಿಕ ಸೇವೆಗಾಗಿ ೧೯೫೬ರಲ್ಲಿ ಮೊತ್ತಮೊದಲು ಕೊಟ್ಟ ಪ್ರಶಸ್ತಿಗಳಲ್ಲಿ ಒಂದು ರೋಜರ್ಸನಿಗೆ ಸಂದಿತು. ಉಳಿದ ಇಬ್ಬರು ವುಲ್ಫ್‌ಗಾಂಗ್ ಕೋಲರ್ ಮತ್ತು ಕೆನೆತ್ ಸ್ಪೆನ್ಸ್.

೧೯೫೭ರಲ್ಲಿ ರೋಜರ್ಸನು ಪ್ರಕಟಿಸಿದ ಒಂದು ಚಿಕ್ಕ ಪ್ರಬಂಧವು ಆತನ ಸಿದ್ಧಾಂತದ ಸಾರ. ಮನುಷ್ಯನ ವ್ಯಕ್ತಿತ್ವದಲ್ಲಿ ಹಿತಕರವಾದ ಮಾರ್ಪಾಡು ಆಗಬೇಕಾದರೆ ಆರು ನಿಯಮಗಳು ಅವಶ್ಯ, ಮತ್ತು ಅವಿಷ್ಟೇ ಸಾಕು ಎಂದು ಅಲ್ಲಿ ಪ್ರತಿಪಾದಿಸಿದನು. ಅವುಗಳಲ್ಲಿ ಸಲಹೆಗಾರನಿಗೆ ಸಂಬಂಧಿಸಿದವು ಮೂರು: ಒಳಗೊಂದು ಹೊರಗೊಂದು ಇಲ್ಲದಿರುವುದು; ಸಹಾಯಾರ್ಥಿಯನ್ನು ಷರತ್ತಿಲ್ಲದೆ ಆದರಿಸುವುದು; ಆತನ ಅನುಭವವನ್ನು ಆತನ ಸ್ಥಾನದಲ್ಲಿಯೇ ನಿಂತು ಅರಿಯುವ ಪರಾನುಭೂತಿ. ಪದವಿಯಾಗಲಿ, ರೋಗನಿದಾನವಾಗಲಿ, ವಿಶೇಷ ತಂತ್ರವಾಗಲಿ ಈ ಪಟ್ಟಿಯಲ್ಲಿಲ್ಲ. 'ಅವಶ್ಯ', 'ಸಾಕು' ಎಂಬ ತರ್ಕಶಾಸ್ತ್ರದ ಎರಡು ಪದಗಳನ್ನು ಆರಿಸಿಕೊಂಡುದರಲ್ಲಿ ಧೈರ್ಯವಿದೆ. ಒಂದು ವಿರುದ್ಧ ನಿದರ್ಶನವು ಸಿಕ್ಕಿದರೂ ಸಿದ್ಧಾಂತವು ಕುಸಿಯುವಂತೆ ಆತನು ಅದನ್ನು ನಿರ್ಮಿಸಿದ್ದನು.

ಪರೀಕ್ಷೆಯ ಕಾಲ ಬೇಗನೆ ಬಂದಿತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಕ್ಕೆ ಮರಳಿದ ರೋಜರ್ಸನು ಮೆಂಡೋಟ ಸಂಸ್ಥಾನ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯ ಪೀಡಿತರ ಮೇಲೆ ತನ್ನ ಪದ್ಧತಿಯನ್ನು ಪ್ರಯೋಗಿಸಲು ಉಪಕ್ರಮಿಸಿದನು. ತಾವಾಗಿಯೇ ನೆರವನ್ನು ಅರಸಿ ಬಂದ ಷಿಕಾಗೋ ವಿದ್ಯಾರ್ಥಿಗಳಿಗೂ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು ಮಾತನ್ನೇ ತೊರೆದವರಿಗೂ ಬಹಳ ಅಂತರವಿತ್ತು. ಕೆಲಸದ ನಡುವೆ ದತ್ತಾಂಶಗಳ ಒಂದು ಭಾಗ ಕಾಣೆಯಾಯಿತು. ಧ್ವನಿಮುದ್ರಣಗಳನ್ನು ಮತ್ತೆ ಅಳೆಯಬೇಕಾಯಿತು. ಸಹೋದ್ಯೋಗಿಗಳಲ್ಲಿ ತೀವ್ರವಾದ ಕಲಹ ಹುಟ್ಟಿತು. ಗ್ರಂಥವು ಹೊರಬಂದದ್ದು ೧೯೬೭ರಲ್ಲಿ. ಚಿಕಿತ್ಸೆ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಒಟ್ಟಿನಲ್ಲಿ ಗಣ್ಯವಾದ ವ್ಯತ್ಯಾಸವಿಲ್ಲವೆಂಬ ಫಲಿತಾಂಶವನ್ನು ಅದು ಮುಚ್ಚಿಡಲಿಲ್ಲ. ಚಿಕಿತ್ಸಕರಲ್ಲಿ ಪರಾನುಭೂತಿ ಹೆಚ್ಚಾಗಿದ್ದೆಡೆ ರೋಗಿಗಳು ಕೆಲಮಟ್ಟಿಗೆ ಸುಧಾರಿಸಿದ್ದರು, ಅದು ಕಡಮೆಯಾಗಿದ್ದೆಡೆ ಸುಧಾರಿಸಿರಲಿಲ್ಲ ಎಂಬುದು ಸಮಾಧಾನದ ಅಂಶವಾಗಿತ್ತು.

ಇನ್ನೊಂದು ಪೆಟ್ಟು ಹಿಂದಿನ ವರ್ಷವೇ ಬಿದ್ದಿತ್ತು. ವಿಸ್ಕಾನ್ಸಿನ್ನಿನಲ್ಲಿ ಆತನ ಸಹೋದ್ಯೋಗಿಯಾಗಿದ್ದ ಚಾರ್ಲ್ಸ್ ಟ್ರೂಆಕ್ಸನು, ರೋಜರ್ಸನೇ ನಡೆಸಿದ ಒಂದು ದೀರ್ಘ ಚಿಕಿತ್ಸೆಯ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿ ೧೯೬೬ರಲ್ಲಿ ಪ್ರಕಟಿಸಿದನು. ಸಹಾಯಾರ್ಥಿಯ ಎಲ್ಲ ಮಾತುಗಳಿಗೂ ರೋಜರ್ಸನು ಒಂದೇ ಬಗೆಯ ಆದರವನ್ನು ತೋರುತ್ತಿರಲಿಲ್ಲ. ಕೆಲವು ಬಗೆಯ ಮಾತುಗಳಿಗೆ ಹೆಚ್ಚು ಆತ್ಮೀಯತೆಯಿಂದ ಸ್ಪಂದಿಸುತ್ತಿದ್ದನು. ಕ್ರಮೇಣ ಸಹಾಯಾರ್ಥಿಯಲ್ಲಿ ಹೆಚ್ಚಿದ್ದು ಬಹುಮಟ್ಟಿಗೆ ಅಂತಹ ಮಾತುಗಳೇ ಎಂದು ಆತನು ತೋರಿಸಿದನು. ನಡತೆಯನ್ನು ಬಹುಮಾನದಿಂದ ರೂಪಿಸಬಹುದೆಂಬ ಬಿ. ಎಫ್. ಸ್ಕಿನ್ನರನ ತತ್ತ್ವವನ್ನು ರೋಜರ್ಸನು ೧೯೫೬ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಹಿರಂಗವಾಗಿ ಎದುರಿಸಿದ್ದನು. ಅದೇ ತತ್ತ್ವವು ಆತನ ಸ್ವಂತ ಕೋಣೆಯಲ್ಲಿ, ಆತನಿಗೆ ಅರಿವಿಲ್ಲದಂತೆ, ಕೆಲಸಮಾಡುತ್ತಿತ್ತೆಂದು ಆತನ ಸ್ವಂತ ದಾಖಲೆಯೇ ನುಡಿಯಿತು. ಫ್ರಾಯ್ಡನ ವಿಷಯದಲ್ಲಿ ಇಂತಹ ಪರೀಕ್ಷೆ ಸಾಧ್ಯವಿರಲಿಲ್ಲ. ಆತನ ಕೋಣೆಯಿಂದ ಹೊರಬಂದುದು ಮುಖ್ಯವಾಗಿ ಆತನ ಬರೆಹ.

೧೯೬೩ರ ಹೊತ್ತಿಗೆ ರೋಜರ್ಸನು ವಿಶ್ವವಿದ್ಯಾನಿಲಯದ ಬದುಕಿನಿಂದಲೇ ದೂರವಾಗಿ ಕ್ಯಾಲಿಫೋರ್ನಿಯದ ಲಾ ಹೊಯ ಎಂಬಲ್ಲಿ ನೆಲಸಿದನು. ಆ ಮೇಲಿನ ಕೆಲಸವು ಹೆಚ್ಚಾಗಿ ಸಮೂಹಗಳೊಡನೆ ನಡೆಯಿತು. ಶಿಕ್ಷಣವನ್ನು ಕುರಿತ ಗ್ರಂಥವು ೧೯೬೯ರಲ್ಲಿ ಹೊರಬಂದಿತು. ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರನ್ನೂ ಕ್ಯಾಥೊಲಿಕರನ್ನೂ, ದಕ್ಷಿಣ ಆಫ್ರಿಕದ ಕರಿಯರನ್ನೂ ಬಿಳಿಯರನ್ನೂ ಒಂದೆಡೆ ಕೂಡಿಸಿ ಮಾತನಾಡಿಸುವ ಪ್ರಯತ್ನಗಳೂ ನಡೆದವು. ಇವು ಗೌರವಾರ್ಹವಾದುವು. ಆದರೆ ಷಿಕಾಗೋ ಕಾಲದ ಎಣಿಕೆ, ಹೋಲಿಕೆ, ಕಾಯುವಿಕೆಗಳ ಶಿಸ್ತು ಇವುಗಳಲ್ಲಿ ಕಾಣದು. ಆತನ ಪಂಥಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಮುಂದೆ ಒದಗಿದ ದುರ್ಬಲತೆಗೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ೧೯೮೭ರ ಫೆಬ್ರವರಿ ೪ರಂದು ಆತನು ಮರಣಹೊಂದಿದನು.

ರೋಜರ್ಸನ ಪ್ರಭಾವವನ್ನು ಅಳೆಯುವುದಕ್ಕೆ ಕೆಲವು ಹೊರಗಣ ಗುರುತುಗಳಿವೆ. ಅಮೆರಿಕದ ಆಪ್ತಸಲಹೆ ಮತ್ತು ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ವಿಚಾರಿಸಿ ೧೯೮೨ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಅತ್ಯಂತ ಪ್ರಭಾವಶಾಲಿಯೆಂದು ಮೊದಲ ಸ್ಥಾನ ಬಂದದ್ದು ಆತನಿಗೆ. ಇದಕ್ಕಿಂತ ಗಟ್ಟಿಯಾದ ಪ್ರಮಾಣ ಇನ್ನೊಂದಿದೆ. ಚಿಕಿತ್ಸಕನ ಪರಾನುಭೂತಿಗೂ ಚಿಕಿತ್ಸೆಯ ಫಲಕ್ಕೂ ಇರುವ ಸಂಬಂಧವನ್ನು ಕುರಿತು ನಡೆದಿದ್ದ ಅಧ್ಯಯನಗಳನ್ನು ರಾಬರ್ಟ್ ಎಲಿಯಟ್ ಮತ್ತು ಸಂಗಡಿಗರು ೨೦೧೮ರಲ್ಲಿ ಒಟ್ಟುಗೂಡಿಸಿದರು. ೮೨ ಗುಂಪುಗಳಲ್ಲಿದ್ದ ಆರು ಸಾವಿರಕ್ಕೂ ಮಿಕ್ಕ ಸಹಾಯಾರ್ಥಿಗಳ ಮೇಲೆ ಗಣಿಸಿದ ಸಹಸಂಬಂಧವು ೦.೨೮ ಆಯಿತು. ಇದು ಮಧ್ಯಮ ಪ್ರಮಾಣದ ಸಂಬಂಧ: 'ಸಾಕು' ಎನ್ನುವುದಕ್ಕೆ ಸಾಲದು, ತಳ್ಳಿಹಾಕುವುದಕ್ಕೂ ಬಾರದು. ರೋಜರ್ಸನ ಎರಡು ಪದಗಳಲ್ಲಿ 'ಸಾಕು' ಎಂಬುದು ಬಿದ್ದುಹೋಯಿತು. 'ಅವಶ್ಯ' ಎಂಬುದು ಕಟ್ಟುನಿಟ್ಟಾದ ಅರ್ಥದಲ್ಲಿ ನಿಲ್ಲದಿದ್ದರೂ 'ಸಹಾಯಕ' ಎಂಬ ವಿನಯದ ರೂಪದಲ್ಲಿ ಉಳಿದುಕೊಂಡಿತು. ಆತನನ್ನು ಗುರುವೆಂದು ಒಪ್ಪದ ಪಂಥಗಳವರೂ ಇಂದು ತಮ್ಮ ಸಂದರ್ಶನಗಳನ್ನು ಮುದ್ರಿಸಿಕೊಂಡು ಪರರಿಂದ ಅಳೆಯಿಸುವುದನ್ನು ಶಿಕ್ಷಣದ ಸಾಮಾನ್ಯ ಅಂಗವಾಗಿ ಸ್ವೀಕರಿಸಿದ್ದಾರೆ.

ನಮ್ಮ ಕಾಲೇಜುಗಳಲ್ಲಿಯೂ ಆಪ್ತಸಲಹಾ ಕೇಂದ್ರಗಳು ಏರ್ಪಡುತ್ತಿರುವ ಈ ಕಾಲದಲ್ಲಿ ಅಧ್ಯಾಪಕರಿಗೆ ಈ ಚರಿತ್ರೆಯಿಂದ ಎರಡು ವಿಚಾರಗಳು ದೊರೆಯುತ್ತವೆ. ಸಂಕಟದಲ್ಲಿರುವ ವಿದ್ಯಾರ್ಥಿಯ ಎದುರಿಗೆ ಕುಳಿತ ಅಧ್ಯಾಪಕನು ತಾನು ಎಷ್ಟು ಪದಗಳನ್ನು ಆಡಿದೆನೆಂದು ಎಣಿಸಿಕೊಳ್ಳುವುದು ಒಳಿತು. ಪೋರ್ಟರನ ಲೆಕ್ಕ ಇಂದಿಗೂ ಹಳತಾಗಿಲ್ಲ. ಎರಡನೆಯದು ಸಂಶೋಧಕರೆಲ್ಲರಿಗೂ ಸಲ್ಲುವಂಥದು. ತನ್ನ ಸಿದ್ಧಾಂತಕ್ಕೆ ಅನುಕೂಲವಾದ ಆಧಾರವನ್ನು ಸಂಗ್ರಹಿಸುವವರು ಬಹಳ ಮಂದಿ. ತನ್ನ ಸಿದ್ಧಾಂತವನ್ನು ಬೀಳಿಸಬಲ್ಲ ಆಧಾರವನ್ನು ತಾನೇ ನಿರ್ಮಿಸಿ, ಸಂಖ್ಯೆ ಕೊಟ್ಟು, ಪರರ ಕೈಯಲ್ಲಿ ಇಡುವವರು ವಿರಳ. ರೋಜರ್ಸನ ಪದ್ಧತಿಯನ್ನು ಒಪ್ಪುವವರೂ ಒಪ್ಪದವರೂ ಇಂದು ವಾದಿಸುತ್ತಿರುವುದು ಆತನು ತೆರೆದಿಟ್ಟ ಆಧಾರದ ಮೇಲೆ ನಿಂತು ಎಂಬಷ್ಟನ್ನು ಇತಿಹಾಸವು ನಿಸ್ಸಂದೇಹವಾಗಿ ಹೇಳಬಹುದು.